ಬಾಳೆಹಣ್ಣಿನ ಪೆಟ್ಟಿಗೆಯ ತಳದ ತೂತು

ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯ ತಳದಲ್ಲಿ ಅಂಗೈ ತೂರುವಷ್ಟು ದೊಡ್ಡ ತೂತಿರುತ್ತದೆ ಅಂತ ನನಗೆ ಗೊತ್ತಾಗಿದ್ದು 2023ರ ಫೆಬ್ರುವರಿಯಲ್ಲಿ, ಸ್ಟುಟ್‌ಗಾರ್ಟ್‌ನ ಒಂದು ಗೋದಾಮಿನಲ್ಲಿ ನಿಂತಿದ್ದಾಗ. ಜರ್ಮನಿಯಲ್ಲಿ ಮನೆ ಬದಲಿಸುವವರು, ಪುಸ್ತಕ ಸಾಗಿಸುವವರು ಎಲ್ಲರೂ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಈ ಪೆಟ್ಟಿಗೆ ಕೇಳಿ ತರುತ್ತಾರೆ. ಗಟ್ಟಿ, ಹಿಡಿಯಲು ಕಿಂಡಿ ಇದೆ, ಮೇಲಾಗಿ ಬಿಟ್ಟಿ. ಆದರೆ ತಳಕ್ಕೆ ಬೇರೆ ರಟ್ಟು ಹಾಸದೆ ಮಕ್ಕಳ ಕಾಲುಚೀಲ ತುಂಬಿದರೆ ಎತ್ತುವಾಗ ಅಷ್ಟೂ ನೆಲಕ್ಕೆ ಸುರಿಯುತ್ತವೆ. ನಾನು ತುಂಬಿದ ಮೊದಲ ಮೂರು ಪೆಟ್ಟಿಗೆಗಳ ಗತಿ ಅದೇ ಆಯಿತು. ಪಕ್ಕದಲ್ಲಿದ್ದ ತುರ್ಕಿ ಹುಡುಗ ನಗಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಒಂದು ರಟ್ಟು ಹರಿದು ಕೈಗೆ ಕೊಟ್ಟ. ಅವನು ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲವಂತೆ.

ಫೆಬ್ರುವರಿ 6, ಸೋಮವಾರ. ಅಲ್ಲಿ ಬೆಳಗಿನ ಜಾವ 4 ಗಂಟೆ 17 ನಿಮಿಷ, ಇಲ್ಲಿ ಜರ್ಮನಿಯಲ್ಲಿ 2 ಗಂಟೆ 17. ತುರ್ಕಿಯ ದಕ್ಷಿಣಕ್ಕೆ, ಕಹ್ರಮಾನ್‌ಮರಾಶ್ ಮತ್ತು ಗಾಜಿಯಾಂಟೆಪ್ ಸೀಮೆಯಲ್ಲಿ 7.8ರ ಭೂಕಂಪ. ಬದುಕಿದವರು ಹೊರಗೆ ಹಿಮದಲ್ಲಿ ನಿಂತು, ಒಳಗೆ ಸಿಕ್ಕವರನ್ನು ಹುಡುಕುತ್ತಿದ್ದಾಗ ಮಧ್ಯಾಹ್ನ 1 ಗಂಟೆ 24ಕ್ಕೆ ಇನ್ನೊಂದು, 7.5. ಮೊದಲನೆಯದರಲ್ಲಿ ಬಿರುಕು ಬಿಟ್ಟು ನಿಂತಿದ್ದ ಎಷ್ಟೋ ಕಟ್ಟಡಗಳು ಎರಡನೆಯದರಲ್ಲಿ ಕುಸಿದವು. ತುರ್ಕಿಯೊಂದರಲ್ಲೇ 53 ಸಾವಿರಕ್ಕೂ ಹೆಚ್ಚು ಜನ ಸತ್ತರು, ಗಡಿಯಾಚೆ ಸಿರಿಯಾದಲ್ಲಿ ಇನ್ನೂ ಸಾವಿರಾರು.

ನಮ್ಮ ಕಟ್ಟಡದ ನಾಲ್ಕನೇ ಮಹಡಿಯಲ್ಲಿರುವವರು ಭೂಕಂಪವಾದ ಸೀಮೆಯ ಆದಿಯಾಮಾನ್ ಊರಿನವರು. ಆ ಮನೆಯ ಹೆಂಗಸನ್ನು ನಾನು ಅಬ್ಲಾ ಅಂತಲೇ ಕರೆಯುವುದು. ತುರ್ಕಿಯಲ್ಲಿ ಅಬ್ಲಾ ಅಂದರೆ ಅಕ್ಕ. 1961ರಲ್ಲಿ ಎರಡು ದೇಶಗಳ ನಡುವೆ ಒಪ್ಪಂದವಾದ ಮೇಲೆ ಇಲ್ಲಿನ ಕಾರ್ಖಾನೆಗಳಿಗೆ ದುಡಿಯಲು ಬಂದವರ ಪೈಕಿ ಅವಳ ಮಾವನೂ ಒಬ್ಬರು. ಹಾಗೆ ಬಂದವರ ಮಕ್ಕಳು, ಮೊಮ್ಮಕ್ಕಳೆಲ್ಲ ಸೇರಿ ಈಗ ಜರ್ಮನಿಯಲ್ಲಿ ತುರ್ಕಿ ಮೂಲದವರು 30 ಲಕ್ಷದ ಹತ್ತಿರ ಇದ್ದಾರೆ. ಹಾಗಾಗಿ ಆ ಸೋಮವಾರ ಜರ್ಮನಿಯ ಯಾವ ಬೀದಿಯಲ್ಲೂ ಅದು ದೂರದ ದೇಶದ ಸುದ್ದಿಯಾಗಿರಲಿಲ್ಲ. ತರಕಾರಿ ಅಂಗಡಿಯವನು ಫೋನ್ ಕಿವಿಗಿಟ್ಟುಕೊಂಡೇ ಚಿಲ್ಲರೆ ಕೊಟ್ಟ. ನಮ್ಮ ಬಸ್ಸಿನ ಡ್ರೈವರಮ್ಮನ ಕಣ್ಣು ಕೆಂಪಾಗಿತ್ತು.

ಅಬ್ಲಾಳ ಅಣ್ಣ, ಅತ್ತಿಗೆ ಇದ್ದದ್ದು ಆದಿಯಾಮಾನ್‌ನ ಏಳು ಮಹಡಿಯ ಕಟ್ಟಡವೊಂದರಲ್ಲಿ. ಅಮ್ಮನೂ ಅವರ ಜೊತೆಗೇ ಇರುತ್ತಿದ್ದಳು. ಆದರೆ ಆ ವಾರ ಹಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋಗಿದ್ದಳು, ಬದುಕಿಕೊಂಡಳು. ಆ ಊರಿಗೆ ಯಂತ್ರ, ಸೈನ್ಯ ತಲುಪುವುದು ತಡವಾಯಿತು. ಜನ ಬರಿಗೈಯಲ್ಲೇ ಕಾಂಕ್ರೀಟ್ ಕೆದಕುತ್ತಿದ್ದರು. ಊರ ನಡುವಿನ ಗಡಿಯಾರ ಗೋಪುರ 4:17ಕ್ಕೇ ನಿಂತುಹೋಗಿರುವ ಚಿತ್ರವನ್ನು ಆಮೇಲೆ ಎಲ್ಲ ಪತ್ರಿಕೆಗಳೂ ಹಾಕಿದವು. ಅದೇ ಊರಿನ ಒಂದು ಹೋಟೆಲಿನಲ್ಲಿ, ಉತ್ತರ ಸೈಪ್ರಸ್ಸಿನಿಂದ ವಾಲಿಬಾಲ್ ಆಡಲು ಬಂದಿದ್ದ ಶಾಲೆಯ ಮಕ್ಕಳೂ ಸೇರಿ 72 ಜನ ಸತ್ತರು. ಅಬ್ಲಾಳ ಮನೆಯಲ್ಲಿ ಟಿವಿ ಆರಲಿಲ್ಲ. ರಕ್ಷಣೆಯವನೊಬ್ಬ ಸಂದಿಗೆ ಬಾಯಿಟ್ಟು ‘ಸೆಸಿಮಿ ದುಯಾನ್ ವಾರ್ ಮಿ?’ ಅಂತ ಕೂಗುತ್ತಾನೆ. ನನ್ನ ದನಿ ಕೇಳುವವರು ಯಾರಾದರೂ ಇದ್ದೀರಾ, ಅಂತ. ಆಮೇಲೆ ಕೈಯೆತ್ತುತ್ತಾನೆ. ಇಡೀ ಬೀದಿ ಉಸಿರು ಬಿಗಿಹಿಡಿದು ಸುಮ್ಮನಾಗುತ್ತದೆ. ಟಿವಿ ಮುಂದಿದ್ದ ನಾವೂ ಸುಮ್ಮನಾಗುತ್ತಿದ್ದೆವು. ನಾಲ್ಕನೇ ದಿನ ಅಣ್ಣನದೂ ಅತ್ತಿಗೆಯದೂ ಸುದ್ದಿ ಬಂತು.

ಕೈಕಟ್ಟಿ ಕೂರಲಾಗದೆ ನಾನು ಗೋದಾಮಿಗೆ ಹೋದದ್ದು. ಅಲ್ಲಿ ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬಟ್ಟೆಯ ಗುಡ್ಡ. ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ‘ಹೊಸದು ಮಾತ್ರ’ ಅಂತ ಹಾಕಿದ್ದರು. ಕಂಬಳಿ, ಒಳಉಡುಪು, ಡಯಾಪರ್, ಸ್ಯಾನಿಟರಿ ಪ್ಯಾಡ್, ಟಾರ್ಚ್, ಪವರ್ ಬ್ಯಾಂಕ್ ಅಂತ ಪಟ್ಟಿಯನ್ನೂ ಅಂಟಿಸಿದ್ದರು. ಬಂದದ್ದು? ಗುಂಡಿ ಕಿತ್ತ ಕೋಟು, ಒಂಟಿ ಬೂಟು, ಬೀಚಿಗೆ ಹಾಕುವ ಚಡ್ಡಿ, ಒಂದು ಮದುವೆ ಗೌನು. ನಮ್ಮವರ ಪೈಕಿ ಯಾರೋ ಪುಣ್ಯಾತ್ಮರು ಎರಡು ರೇಷ್ಮೆ ಸೀರೆ ಕಳಿಸಿದ್ದರು. ಹಿಮದಲ್ಲಿ ಡೇರೆಯೊಳಗೆ ಕೂತವಳು ಸೀರೆ ಉಟ್ಟು ಏನು ಮಾಡಬೇಕು? ಒಂದೊಂದನ್ನೂ ಬಿಡಿಸಿ, ನೋಡಿ, ಗಂಡಸರದು, ಹೆಂಗಸರದು, ಮಕ್ಕಳದು ಅಂತ ಬೇರೆ ಮಾಡಿ, ಪೆಟ್ಟಿಗೆ ಮೇಲೆ ‘ಎರ್ಕೆಕ್’, ‘ಕಾದಿನ್’, ‘ಚೊಜುಕ್’ ಅಂತ ದಪ್ಪ ಪೆನ್ನಿನಲ್ಲಿ ಬರೆಯಬೇಕು. ಒಳಗೇನಿದೆ ಅಂತ ಕಸ್ಟಮ್ಸ್‌ನವರಿಗೆ ಪಟ್ಟಿ ಕೊಡಬೇಕು. ನಲವತ್ತು ಜನ ಇಡೀ ಶನಿವಾರ ದುಡಿದೆವು. ಅರ್ಧಕ್ಕರ್ಧ ಕಸದ ಬುಟ್ಟಿಗೆ ಹೋಯಿತು.

ಆ ರಾತ್ರಿ ಅವ್ವನಿಗೆ ಫೋನ್ ಹಚ್ಚಿ ಹೇಳಿದೆ. ನಮ್ಮದು ಕಲಬುರಗಿ ಜಿಲ್ಲೆಯ ಆಳಂದದ ಕಡೆ. ಅವ್ವ ಅಂದಳು: ‘ಕಿಲ್ಲಾರಿ ಟೈಮಿನಾಗೂ ಹಿಂಗೇ ಆಗಿತ್ತಲ್ಲವ್ವ. ನಿಮ್ ಕಾಕಾ ಹೋಗಿ ನೋಡಿ ಬಂದಿದ್ದ.’

ನಮ್ಮ ಕಡೆಯವರಿಗೆ ಕಿಲ್ಲಾರಿ ನೆನಪಿರುತ್ತದೆ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿದ ರಾತ್ರಿ ಕಳೆದು ನಸುಕಿನ 3:56. ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಸೀಮೆಯಲ್ಲಿ ಭೂಕಂಪಕ್ಕೆ ಹತ್ತಿರ ಹತ್ತಿರ 10 ಸಾವಿರ ಜನ ಹೋದರು. ಆಳಂದದಿಂದ ಉಮರ್ಗಾ ದಾಟಿದರೆ ಆ ಊರುಗಳು ದೂರವೇನಲ್ಲ. ನಮ್ಮನೆಯ ಪಾತ್ರೆಗಳೆಲ್ಲ ನಾಗಂದಿಗೆಯಿಂದ ಉದುರಿದ್ದವು. ಕಾಕಾ ಮರುದಿನವೇ ಊರಿನವರ ಜೊತೆ ಟ್ರ್ಯಾಕ್ಟರಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ಹೇರಿಕೊಂಡು ಹೋಗಿದ್ದ. ತಿರುಗಿ ಬಂದವನು ಎರಡು ದಿನ ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಎರಡೇ ಸಂಗತಿ. ಒಂದು, ಮೂರು ಮೊಳ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಜನರನ್ನು ಅವೇ ಹೂಳಿಬಿಟ್ಟವು. ಎರಡು, ಪಟ್ಟಣಗಳಿಂದ ಬಂದ ಬಟ್ಟೆ ಗಂಟುಗಳು ರಸ್ತೆ ಬದಿ ಮಳೆಯಲ್ಲಿ ನೆನೆಯುತ್ತ ಬಿದ್ದಿದ್ದವು, ಯಾರೂ ಮುಟ್ಟುತ್ತಿರಲಿಲ್ಲ.

ಕಿಲ್ಲಾರಿಯಲ್ಲಿ ಕಲ್ಲು ಮಣ್ಣು, ತುರ್ಕಿಯಲ್ಲಿ ಕಾಂಕ್ರೀಟು. 1999ರ ಇಜ್ಮಿತ್ ಭೂಕಂಪದಲ್ಲಿ 17 ಸಾವಿರ ಜನ ಸತ್ತ ಮೇಲೆ ತುರ್ಕಿಯಲ್ಲಿ ಕಟ್ಟಡದ ನಿಯಮ ಬಿಗಿಯಾದವು, ಭೂಕಂಪದ ಹೆಸರಲ್ಲಿ ತೆರಿಗೆಯೂ ಬಂತು. 2018ರಲ್ಲಿ ಚುನಾವಣೆಯ ಹೊಸ್ತಿಲಲ್ಲಿ ನಿಯಮ ಮೀರಿ ಕಟ್ಟಿದ್ದನ್ನು ದುಡ್ಡು ಕಟ್ಟಿಸಿಕೊಂಡು ಸಕ್ರಮ ಮಾಡಿಕೊಟ್ಟರು. ಅಕ್ರಮ ಸಕ್ರಮ ಅನ್ನುವ ಮಾತನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಜರ್ಮನಿಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ದುಡ್ಡು ಕೂಡಿಸೋಣ ಅಂತ ನಾನು ಹಾಕಿದ ಕೂಡಲೇ ಒಬ್ಬರು ‘ಕಾಶ್ಮೀರದ ವಿಷಯದಲ್ಲಿ ಅವರು ನಮಗೆ ಏನಂದಿದ್ದರು ಗೊತ್ತಲ್ಲ?’ ಅಂದರು. ಇನ್ನೊಬ್ಬರು ‘ಕೊಡಗಿನಲ್ಲಿ ಗುಡ್ಡ ಜರಿದಾಗ ಇವರು ಬಂದಿದ್ದರಾ?’ ಅಂದರು. ಉತ್ತರ ಕೊಡುವ ಕಷ್ಟ ನನಗೆ ಬರಲಿಲ್ಲ. ಅಷ್ಟರಲ್ಲಿ ಭಾರತ ಸರ್ಕಾರವೇ ‘ಆಪರೇಷನ್ ದೋಸ್ತ್’ ಅಂತ ಹೊರಟುಬಿಟ್ಟಿತ್ತು. ಎನ್‌ಡಿಆರ್‌ಎಫ್ ತಂಡಗಳು, ಮೂಸಿ ಹುಡುಕುವ ನಾಯಿಗಳು, ಇಸ್ಕೆಂದೆರುನ್‌ನಲ್ಲಿ ಸೈನ್ಯದ ಆಸ್ಪತ್ರೆ. ನುರ್ದಾಗಿಯಲ್ಲಿ ಆರು ವರ್ಷದ ಹುಡುಗಿಯನ್ನು ನಮ್ಮವರು ಜೀವಂತ ತೆಗೆದ ದಿನ ತುರ್ಕಿ ಅಂಗಡಿಯವನು ನನ್ನಿಂದ ಕೊತ್ತಂಬರಿ ಸೊಪ್ಪಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ‘ಹಿಂದಿಸ್ತಾನ್’ ಅಂತ ಎದೆಯ ಮೇಲೆ ಕೈಯಿಟ್ಟ. ನಾನು ಏನೂ ಮಾಡಿರಲಿಲ್ಲ, ಸೊಪ್ಪು ಮಾತ್ರ ಹಿಡಿದುಕೊಂಡು ಬಂದೆ.

ದುಡ್ಡು ಕೂಡಿಸುವುದು ಸರಿ, ಯಾರಿಗೆ ಕೊಡುವುದು? ತುರ್ಕಿಯವರಲ್ಲೇ ಒಮ್ಮತ ಇರಲಿಲ್ಲ. ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಆಫಾದ್‌ಗೆ ಕೊಡಿ ಅಂತ ಕೆಲವರು, ಗಾಯಕ ಹಲೂಕ್ ಲೆವೆಂತ್ ನಡೆಸುವ ಅಹ್‌ಬಾಪ್ ಅನ್ನುವ ಸಹಾಯ ಸಂಸ್ಥೆಗೆ ಕೊಡಿ ಅಂತ ಕೆಲವರು. ತಿಂಗಳ ಕೊನೆಗೆ ಇನ್ನೊಂದು ಸುದ್ದಿ ಹೊರಬಿತ್ತು. ರೆಡ್ ಕ್ರಾಸ್ ಥರದ ಸಹಾಯ ಸಂಸ್ಥೆಯಾದ ತುರ್ಕಿಯ ರೆಡ್ ಕ್ರೆಸೆಂಟ್ ತನ್ನ ಕಂಪನಿಯ ಮೂಲಕ ಅಹ್‌ಬಾಪ್‌ಗೆ 2050 ಡೇರೆಗಳನ್ನು 4 ಕೋಟಿ 60 ಲಕ್ಷ ಲಿರಾಗೆ ಮಾರಿತ್ತು. ಅಸಲು ಬೆಲೆಗೇ ಕೊಟ್ಟದ್ದು ಅಂತ ಅವರು ಹೇಳಿಕೊಂಡರು. ‘ಜನ ರಸ್ತೆಯಲ್ಲಿ ಮಲಗಿರುವಾಗ ಡೇರೆಗೆ ಬಿಲ್ಲು ಹಾಕುವುದಾ?’ ಅಂತ ಅಬ್ಲಾಳ ಗಂಡ ಚಹಾದ ಲೋಟ ಟೇಬಲ್ಲಿಗೆ ಕುಕ್ಕಿದ. ಟಿವಿಗಳೆಲ್ಲ ಸೇರಿ ಒಂದೇ ರಾತ್ರಿಯಲ್ಲಿ 11,500 ಕೋಟಿ ಲಿರಾ ಎತ್ತಿದವಲ್ಲ ಅಂದರೆ, ‘ಅದರಲ್ಲಿ 3,000 ಕೋಟಿ ಕೇಂದ್ರ ಬ್ಯಾಂಕಿನದೇ. ಈ ಜೇಬಿನಿಂದ ತೆಗೆದು ಆ ಜೇಬಿಗೆ’ ಅಂದ.

ಸಿರಿಯಾದ ಕಥೆ ಇನ್ನೊಂದು ಥರ. ನನ್ನ ಮಗನ ಕೂದಲು ಕತ್ತರಿಸುವ ಅಲೆಪ್ಪೊದವನು ಹೇಳಿದ್ದು: ಬ್ಯಾಂಕಿನಲ್ಲಿ ದುಡ್ಡು ಕಳಿಸುವಾಗ ವಿವರದ ಜಾಗದಲ್ಲಿ ‘ಸಿರಿಯಾ’ ಅಂತ ಬರೆದರೆ ಮುಗಿಯಿತು, ಸಿರಿಯಾದ ಮೇಲೆ ಆಗಿದ್ದ ನಿರ್ಬಂಧದ ಹೆಸರಲ್ಲಿ ಅಲ್ಲೇ ತಡೆಹಿಡಿಯುತ್ತಿದ್ದರು. ವಾಯವ್ಯ ಸಿರಿಯಾಕ್ಕೆ ವಿಶ್ವಸಂಸ್ಥೆಗೆ ಆಗ ತೆರೆದಿದ್ದದ್ದು ಬಾಬ್ ಅಲ್ ಹವಾ ಅನ್ನುವ ಒಂದೇ ಗಡಿ ಬಾಗಿಲು. ಅಲ್ಲಿಂದ ಮೊದಲ ಆರು ಲಾರಿ ದಾಟಿದ್ದು ಭೂಕಂಪವಾದ ನಾಲ್ಕನೇ ದಿನ. ಕತ್ತರಿ ಆಡಿಸುತ್ತಲೇ ಇದಿಷ್ಟನ್ನೂ ಹೇಳಿ, ಮಗನಿಗೆ ‘ತಲೆ ಅಲ್ಲಾಡಿಸಬೇಡ’ ಅಂದ.

ಕೊನೆಗೆ ನಾವು ಹೋಳಿಗೆ ಮಾಡುವುದು ಅಂತಾಯಿತು. ಆ ವರ್ಷ ಯುಗಾದಿ ಮಾರ್ಚ್ 22ಕ್ಕೆ, ಮರುದಿನವೇ ರಂಜಾನ್ ಉಪವಾಸ ಶುರು. ಶನಿವಾರ ಹಬ್ಬದ ಕಾರ್ಯಕ್ರಮದಲ್ಲಿ ಹೋಳಿಗೆ, ಚಿತ್ರಾನ್ನದ ಟೇಬಲ್ ಹಾಕೋಣ ಅಂತ ಮಾತು. ಇಲ್ಲಿ ಅನುಭವ ಇದ್ದವರು ಒಂದು ಬುದ್ಧಿ ಹೇಳಿದರು: ಬೆಲೆ ಬರೆಯಬೇಡಿ, ಬರೆದರೆ ವ್ಯಾಪಾರವಾಗುತ್ತದೆ. ಡಬ್ಬಿ ಇಟ್ಟು ದೇಣಿಗೆ ಅನ್ನಿ. ಅಲರ್ಜಿಯ ಚೀಟಿಯನ್ನೂ ಇಡಬೇಕು. ‘ಗೋಧಿ, ಹಾಲು’ ಅಂತ ಬರೆದೆ. ತುಪ್ಪವೂ ಹಾಲಿನ ಲೆಕ್ಕಕ್ಕೇ.

ಮುನ್ನೂರು ಹೋಳಿಗೆ. ಅಬ್ಲಾ ಬೆಳಿಗ್ಗೆಯೇ ಇಳಿದು ಬಂದಳು. ಕೈಯಲ್ಲಿ ಅವರ ಲಟ್ಟಣಿಗೆ, ಓಕ್ಲಾವಾ. ನಮ್ಮದರ ಹಾಗೆ ಗಿಡ್ಡ ದಪ್ಪ ಅಲ್ಲ, ಬೆತ್ತದಂತೆ ತೆಳ್ಳಗೆ, ತೋಳಿನಷ್ಟು ಉದ್ದ. ಕಣಕದೊಳಗೆ ಹೂರಣ ಇಟ್ಟು ಮುಚ್ಚುವುದನ್ನು ಎರಡು ಸಲ ನೋಡಿದಳು. ಮೂರನೆಯದನ್ನು ತಾನೇ ಲಟ್ಟಿಸಿದಳು. ಕೋಲಿಗೆ ಸುತ್ತಿ ಬಿಡಿಸಿ, ಸುತ್ತಿ ಬಿಡಿಸಿ, ಅಂಚಿನವರೆಗೂ ಹೂರಣ ಕಾಣುವಷ್ಟು ತೆಳ್ಳಗೆ. ನಮ್ಮ ಅಜ್ಜಿ ನೋಡಿದ್ದರೆ ನನ್ನನ್ನು ಬೈದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಉಪವಾಸ ಇದ್ದಳಲ್ಲ, ಇಡೀ ದಿನ ಬೆಲ್ಲದ ಘಮದ ನಡುವೆ ನಿಂತರೂ ಒಂದು ಚೂರು ನಾಲಗೆಗೆ ಮುಟ್ಟಿಸಲಿಲ್ಲ. ‘ಸಿಹಿ ಸರಿಯಿದೆಯಾ?’ ಅಂತ ನನ್ನನ್ನೇ ಕೇಳುತ್ತಿದ್ದಳು. ಸೂರ್ಯ ಮುಳುಗಿದ ಮೇಲೆ ಖರ್ಜೂರ ಬಾಯಿಗೆ ಹಾಕಿ, ನೀರು ಕುಡಿದು, ಹೋಳಿಗೆ ತಿಂದಳು. ಏನೂ ಹೇಳಲಿಲ್ಲ, ಇನ್ನೊಂದು ತೆಗೆದುಕೊಂಡಳು. ಡಬ್ಬಿ ಎಣಿಸಿದಾಗ 1,146 ಯೂರೋ, ಜೊತೆಗೆ ಒಂದು ಸ್ವಿಸ್ ಫ್ರಾಂಕ್ ನಾಣ್ಯ. ಕಾಶ್ಮೀರದ ಮಾತೆತ್ತಿದ್ದವರು ಐದು ಹೋಳಿಗೆ ಕಟ್ಟಿಸಿಕೊಂಡು 50ರ ನೋಟು ಹಾಕಿದ್ದನ್ನು ನಾನು ನೋಡಿದೆ, ನೋಡದವಳ ಹಾಗಿದ್ದೆ. ದುಡ್ಡನ್ನು ತುರ್ಕಿಗೂ ಸಿರಿಯಾಕ್ಕೂ ಸೇರಿಸಿ ಸಂಗ್ರಹಿಸುತ್ತಿದ್ದ ಇಲ್ಲಿನ ಸಹಾಯ ಸಂಸ್ಥೆಗಳ ಜಂಟಿ ಖಾತೆಗೆ ಹಾಕಿದೆವು.

ಇಷ್ಟೆಲ್ಲ ಮಾಡಿದರೂ ನಮ್ಮಿಂದ ನಿಜಕ್ಕೂ ಉಪಯೋಗವಾದದ್ದು ಒಂದು ಫಾರ್ಮಿನಿಂದ. ಭೂಕಂಪದಲ್ಲಿ ಮನೆ ಕಳೆದುಕೊಂಡ ಹತ್ತಿರದ ಸಂಬಂಧಿಕರನ್ನು ಮೂರು ತಿಂಗಳ ಮಟ್ಟಿಗೆ ಕರೆಸಿಕೊಳ್ಳಲು ಜರ್ಮನಿ ಸರಳ ವೀಸಾ ಕೊಡುತ್ತೇವೆ ಅಂದಿತ್ತು. ಸರಳ ಅಂದರೂ ಫೋಟೊ, ಪಾಸ್‌ಪೋರ್ಟ್, ಆರೋಗ್ಯ ವಿಮೆ, ಇವರ ಖರ್ಚೆಲ್ಲ ನನ್ನದು ಅಂತ ಮುಚ್ಚಳಿಕೆ. ಅಬ್ಲಾಳ ಅಮ್ಮನ ಪಾಸ್‌ಪೋರ್ಟ್ ಅಣ್ಣನ ಮನೆಯ ಬೀರುವಿನಲ್ಲಿತ್ತು. ಬೀರು ಏಳು ಮಹಡಿಯ ಕೆಳಗಿತ್ತು. ಅದನ್ನು ಹೊಸದಾಗಿ ಮಾಡಿಸುವುದು ಅವರ ಕೆಲಸ. ಉಳಿದದ್ದು ನನಗೆ ಕಂಠಪಾಠ. ಅಪ್ಪ ಅವ್ವನನ್ನು ಬೇಸಿಗೆಗೆ ಕರೆಸಿಕೊಳ್ಳುವ ಹೊರನಾಡಿನ ಯಾವ ಕನ್ನಡತಿಗೆ ಈ ಮುಚ್ಚಳಿಕೆ, ಆ ವಿಮೆ, ಸಂಬಳದ ಮೂರು ಚೀಟಿ ಗೊತ್ತಿಲ್ಲ? ಇಲ್ಲೇ ಹುಟ್ಟಿ ಬೆಳೆದ ಅಬ್ಲಾಳ ಗಂಡನಿಗೆ ಆ ಫಾರ್ಮಿನ ತಲೆಬುಡ ತಿಳಿಯದು, ಯಾಕೆಂದರೆ ಬೇಸಿಗೆ ಬಂದರೆ ಅವರೇ ಕಾರು ಹತ್ತಿ ಊರಿಗೆ ಹೋಗುವವರು. ಎರಡು ರಾತ್ರಿ ನಮ್ಮ ಅಡುಗೆಮನೆಯ ಟೇಬಲ್ಲಿನಲ್ಲಿ ಕೂತು ತುಂಬಿದೆವು.

ಏಪ್ರಿಲ್‌ನಲ್ಲಿ ಅಮ್ಮ ಬಂದಳು. ಬಿಳಿ ತಲೆವಸ್ತ್ರ, ಯಾರದೋ ದೊಡ್ಡ ಅಳತೆಯ ಕೋಟು, ಒಂದೇ ಚೀಲ. ‘ಬಾಶಿನಿಜ್ ಸಾವೋಲ್ಸುನ್’ ಅಂತ ನಾನು ಕಲಿತಿಟ್ಟುಕೊಂಡಿದ್ದ ಮಾತು ಹೇಳಿದೆ. ಸಾವಿನ ಮನೆಯವರಿಗೆ ನೀವಾದರೂ ಕ್ಷೇಮವಾಗಿರಿ ಅಂತ ಹೇಳುವ ಮಾತು. ಅವಳು ನನ್ನ ಗಲ್ಲ ಸವರಿದಳು. ಮೆಟ್ಟಿಲ ಹತ್ತಿರ ಬಂದು ನಿಂತುಬಿಟ್ಟಳು. ಎಷ್ಟನೇ ಮಹಡಿ ಅಂತ ಕೇಳಿದಳು. ನಾಲ್ಕು ಅಂದಾಗ ಇನ್ನೊಂದು ಪ್ರಶ್ನೆ: ಈ ಕಟ್ಟಡ ಯಾವ ಇಸವಿಯದು? ಆರು ವರ್ಷದಿಂದ ಇದ್ದೇನೆ, ನನಗೆ ಗೊತ್ತಿರಲಿಲ್ಲ. ಅಬ್ಲಾಳಿಗೂ ಗೊತ್ತಿಲ್ಲ. ನಮ್ಮ ಮನೆಯವರು ಹೊರಗೆ ಹೋಗಿ ಬಾಗಿಲ ಮೇಲಿನ ಕಲ್ಲು ನೋಡಿ ಬಂದು 1957 ಅಂದರು. ಅಮ್ಮ ತಲೆಯಾಡಿಸಿದಳು, ಹತ್ತಲಿಲ್ಲ.

ನಮ್ಮದು ನೆಲಮಹಡಿ. ನಡುಮನೆಯಲ್ಲಿ ಹಾಸಿಗೆ ಹಾಕಿದೆವು. ಕೋಟು ಬಿಚ್ಚದೆ ಮಲಗಿದಳು, ಬೂಟುಗಳನ್ನು ತುದಿ ಬಾಗಿಲ ಕಡೆ ಮಾಡಿ ತಲೆಯ ಪಕ್ಕದಲ್ಲೇ ಇಟ್ಟುಕೊಂಡಳು. ಟ್ರಾಮ್ ಹೋದಾಗಲೆಲ್ಲ ಕಣ್ಣು ಬಿಟ್ಟು ಮೇಲೆ ತೂಗುವ ದೀಪವನ್ನು ನೋಡುತ್ತಿದ್ದಳು. ಕಿಲ್ಲಾರಿ ಆದ ಮೇಲೆ ನಮ್ಮ ಅಜ್ಜಿ ದೀಪಾವಳಿ ಕಳೆಯುವವರೆಗೂ ಅಂಗಳದ ಬೇವಿನ ಮರದ ಕೆಳಗೇ ಮಲಗಿದ್ದಳು, ಯಾರು ಕರೆದರೂ ಒಳಗೆ ಬಂದಿರಲಿಲ್ಲ. ಮರುದಿನ ನಮ್ಮ ಮನೆಯವರು ಸ್ಟೂಲ್ ಹತ್ತಿ ಆ ದೀಪ ಬಿಚ್ಚಿಟ್ಟರು. ಮೂರು ತಿಂಗಳು ನಾವು ಮೂಲೆಯ ಮೇಜುದೀಪದ ಬೆಳಕಿನಲ್ಲೇ ಊಟ ಮಾಡಿದೆವು.