ಗೆಲಾಕ್ಸಿಗಳ ವಿಳಾಸ ಬದಲಿಸಿದ ಶನಿವಾರ

ಗೆಲಾಕ್ಸಿಗಳು ಹುಟ್ಟಿ ಬೆಳೆಯುವುದು ಹೇಲೋ ಎಂಬ ಕಪ್ಪುದ್ರವ್ಯದ, ಅಂದರೆ ಬೆಳಕು ಸೂಸದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯದ, ಗುಡ್ಡೆಗಳೊಳಗೆ. ಹೇಲೋದ ದ್ರವ್ಯರಾಶಿ ಗೊತ್ತಾದರೆ ಅದರಲ್ಲಿ ಸರಾಸರಿ ಎಷ್ಟು ಗೆಲಾಕ್ಸಿ ಇರಬಹುದೆಂದು ಹೇಳಿಬಿಡಬಹುದು ಅನ್ನುವುದು ನಮ್ಮ ಕ್ಷೇತ್ರದ ಹಳೆಯ ಲೆಕ್ಕ. ಆದರೆ ಖಗೋಳವಿಜ್ಞಾನಿಗಳಾದ ಲಿಯಾಂಗ್ ಗಾವ್, ಫೋಲ್ಕರ್ ಸ್ಪ್ರಿಂಗೆಲ್, ಸೈಮನ್ ವೈಟ್ 2005ರಲ್ಲೇ ಮಿಲೆನಿಯಮ್ ಸಿಮ್ಯುಲೇಷನ್ ಎಂಬ, ಕಂಪ್ಯೂಟರಿನೊಳಗೆ ಕಟ್ಟಿದ ಮಾದರಿ ವಿಶ್ವದಲ್ಲಿ ಬೇರೆಯದನ್ನು ಕಂಡಿದ್ದರು: ಒಂದೇ ದ್ರವ್ಯರಾಶಿಯ ಸಣ್ಣ ಹೇಲೋಗಳಲ್ಲಿ, ಮೊದಲು ರೂಪುಗೊಂಡವು ಹೆಚ್ಚು ಗುಂಪುಗೂಡಿರುತ್ತವೆ. ಇದನ್ನು ಎಷ್ಟೋ ಸಲ ಓದಿದ್ದೆ. ಕಣ್ಣಾರೆ ಕಂಡದ್ದು ಕಳೆದ ಮಳೆಗಾಲದ ಒಂದು ಶನಿವಾರ.

ಇಲಸ್ಟ್ರಿಸ್ ಟಿಎನ್‌ಜಿ ಸಿಮ್ಯುಲೇಷನ್ನಿನ ದತ್ತಾಂಶ ಎಲ್ಲರಿಗೂ ಮುಕ್ತ. ಅದರಲ್ಲಿ ಅತಿ ದೊಡ್ಡದಾದ ಟಿಎನ್‌ಜಿ300 ಎಂದರೆ ಬದಿಯೊಂದಕ್ಕೆ ಸುಮಾರು 100 ಕೋಟಿ ಜ್ಯೋತಿರ್ವರ್ಷ ಉದ್ದದ ಘನ. ಅದನ್ನಿಟ್ಟುಕೊಂಡು ಅದಲುಬದಲಿನ ಪರೀಕ್ಷೆಗೆ ಕೂತೆ. ಸರಿಸುಮಾರು ಒಂದೇ ದ್ರವ್ಯರಾಶಿಯ ಹೇಲೋಗಳನ್ನು ಗುಂಪು ಮಾಡಿ, ಒಂದರ ಗೆಲಾಕ್ಸಿಗಳನ್ನು ಇಡಿಯಾಗಿ ಎತ್ತಿ ಇನ್ನೊಂದರೊಳಗೆ ಇಡುವುದು. ಕೇಂದ್ರದಿಂದ ಅವುಗಳ ಅಂತರ ಹಾಗೇ ಇರುತ್ತದೆ, ವಿಳಾಸ ಮಾತ್ರ ಬೇರೆ. ಒಂದೇ ಸಂಬಳದ ಮನೆಮಂದಿಯನ್ನು ಊರಿಂದೂರಿಗೆ ವರ್ಗ ಮಾಡಿದ ಹಾಗೆ. ದ್ರವ್ಯರಾಶಿಯೊಂದೇ ಎಲ್ಲವನ್ನೂ ನಿರ್ಧರಿಸುವುದಾದರೆ ಗುಂಪುಗೂಡುವಿಕೆ ಬದಲಾಗಬಾರದು.

ಬದಲಾಯಿತು. ಎಷ್ಟು ದೂರದಲ್ಲಿ ಗೆಲಾಕ್ಸಿಗಳು ಎಷ್ಟು ಗುಂಪುಗೂಡಿವೆ ಎಂದು ತೋರಿಸುವ ಪರದೆಯ ನಕ್ಷೆಯಲ್ಲಿ ಮೂಲ ಗೆಲಾಕ್ಸಿಗಳ ಗೆರೆ ಮೇಲೆ, ಅದಲುಬದಲಾದವುಗಳ ಗೆರೆ ಕೆಳಗೆ. ದೂರ ಹೆಚ್ಚಿದರೂ ಅವು ಒಂದಾಗಲಿಲ್ಲ. ಇದೇ ದತ್ತಾಂಶದ ಮೇಲೆ 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದ ಅಂತರ ಸುಮಾರು ಶೇ 15. ಸಣ್ಣದೆನಿಸಬಹುದು. ಆದರೆ ವಿಶ್ವದ ವಿಸ್ತರಣೆಯನ್ನು ಶೇಕಡಾ ಒಂದರ ಆಸುಪಾಸಿನ ನಿಖರತೆಯಲ್ಲಿ ಅಳೆಯಹೊರಟಿರುವ ಈ ಕಾಲದಲ್ಲಿ ಅಷ್ಟನ್ನು ಬದಿಗಿಡುವಂತಿಲ್ಲ.

ಆಮೇಲೆ ಇನ್ನೊಂದು ಷರತ್ತು ಸೇರಿಸಿದೆ. ಹೇಲೋದ ಸ್ವಂತ ದ್ರವ್ಯವನ್ನು ಲೆಕ್ಕಕ್ಕೆ ಸೇರಿಸದೆ, ಅದರ ಸುತ್ತ ಒಂದೂವರೆ ಎರಡು ಕೋಟಿ ಜ್ಯೋತಿರ್ವರ್ಷದೊಳಗಿನ ಸಾಂದ್ರತೆ ಲೆಕ್ಕಹಾಕಿ, ನೆರೆಹೊರೆಯೂ ಹೋಲುವ ಹೇಲೋಗಳ ನಡುವೆ ಮಾತ್ರ ಅದಲುಬದಲು. ಈ ಸಲ ಎರಡು ಗೆರೆಗಳು ಹತ್ತಿರ ಹತ್ತಿರ ಕೂಡಿಕೊಂಡವು. ಅಷ್ಟೇ ದ್ರವ್ಯರಾಶಿಯ ಹೇಲೋ ದಟ್ಟ ಪ್ರದೇಶದಲ್ಲಿದ್ದರೆ ಅದರೊಳಗೆ ತುಸು ಹೆಚ್ಚು ಗೆಲಾಕ್ಸಿಗಳಿರುತ್ತವೆ. ಮೊದಲ ಅದಲುಬದಲು ಅಳಿಸಿಹಾಕಿದ್ದು ಈ ನಂಟನ್ನೇ. ಆ ಹೊತ್ತಿಗೆ ನನಗಾದ ಸಂತೋಷ ದೊಡ್ಡದು. ನೆರೆಹೊರೆ ಎಂಬುದು ಬರೀ ಊಹೆಯಲ್ಲ, ಎಣಿಸಿ ತೋರಿಸಬಹುದಾದ ಸಂಗತಿ.

ಇಷ್ಟೂ ಮಾಡಿದ್ದು ನಕ್ಷತ್ರಗಳ ಒಟ್ಟು ದ್ರವ್ಯರಾಶಿ ಹೆಚ್ಚಿರುವ ಗೆಲಾಕ್ಸಿಗಳ ಮೇಲೆ. 2021ರಲ್ಲಿ ಶುರುವಾದ, ದೂರದರ್ಶಕದಿಂದ ಗೆಲಾಕ್ಸಿಗಳ ನಕ್ಷೆ ಮಾಡುವ ಡೆಸಿ ಸರ್ವೆ ಹೊಸ ನಕ್ಷತ್ರಗಳನ್ನು ಹುಟ್ಟಿಸುತ್ತಿರುವ ಗೆಲಾಕ್ಸಿಗಳನ್ನೂ ದೊಡ್ಡ ಸಂಖ್ಯೆಯಲ್ಲಿ ಅಳೆಯುತ್ತಿದೆ. ದಟ್ಟ ಪ್ರದೇಶದಲ್ಲಿ ಗೆಲಾಕ್ಸಿಗಳು ಅನಿಲ ಕಳೆದುಕೊಂಡು ನಕ್ಷತ್ರ ಹುಟ್ಟಿಸುವುದನ್ನೇ ನಿಲ್ಲಿಸುವುದುಂಟು. ಹಾಗಾಗಿ ನಕ್ಷತ್ರ ಹುಟ್ಟಿಸುತ್ತಿರುವ ಗೆಲಾಕ್ಸಿಗಳಲ್ಲಿ ಆ ಎರಡು ಗೆರೆಗಳ ಪೈಕಿ ಯಾವುದು ಮೇಲೆ ಬರುತ್ತದೆ ಎಂದು ನೋಡಲು ಅದೇ ಪ್ರೋಗ್ರಾಮನ್ನು ಈಗ ಮತ್ತೆ ಬರೆಯುತ್ತಿದ್ದೇನೆ.