ರೇಷ್ಮೆಗೂಡಿನಿಂದ ಅಂತರರಾಷ್ಟ್ರೀಯ ರಾಜಕೀಯಕ್ಕೆ

ಬೆಂಗಳೂರು
ಶನಿವಾರ, 15 ಮಾರ್ಚ್ 2025

ಇವತ್ತು ವಿಭಾಗದಲ್ಲಿ ನನ್ನ ಮಾತು ಇಟ್ಟುಕೊಂಡಿದ್ದರು. ವಿಷಯ ‘ನನ್ನ ಅಧ್ಯಯನದ ದಾರಿ’. ತಲೆ ನೆರೆತ ಮೇಷ್ಟ್ರುಗಳಿಗೆಲ್ಲ ಒಂದು ದಿನ ಈ ವಿಷಯ ಬಂದೇ ಬರುತ್ತದೆ. ಎಂ.ಎ. ಮಕ್ಕಳು ಜಾಸ್ತಿನೇ ಬಂದಿದ್ದರು. ಕೊನೆಯಲ್ಲಿ ಕಾಫಿ, ಬಿಸ್ಕತ್ತು ಇತ್ತು, ಅದಕ್ಕೂ ಇರಬಹುದು. ಅಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ.

ನಾನು ಜ್ಞಾನಭಾರತಿಯಲ್ಲಿ ಎಂ.ಎ. ಓದುವಾಗ ಅಂತರರಾಷ್ಟ್ರೀಯ ಸಂಬಂಧ ಅಂದರೆ ಶಕ್ತಿ ಸಮತೋಲನ, ಶೀತಲ ಸಮರ, ವಿಶ್ವಸಂಸ್ಥೆಯ ಅಂಗಗಳು. ಸೋವಿಯತ್ ಒಕ್ಕೂಟ ಒಡೆದುಹೋಗಿತ್ತು, ನಮ್ಮ ನೋಟ್ಸ್‌ನಲ್ಲಿ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಹೊರಗಿನ ಬೆಂಗಳೂರಿನಲ್ಲಿ ಬೇರೆಯದೇ ನಡೆಯುತ್ತಿತ್ತು. 1992ರ ಡಿಸೆಂಬರ್‌ನಲ್ಲಿ ರೈತ ಸಂಘದವರು ಅಮೆರಿಕದ ಬೀಜ, ಧಾನ್ಯದ ಕಂಪನಿ ಕಾರ್ಗಿಲ್‌ನ ಕಚೇರಿಗೆ ನುಗ್ಗಿ ಕಾಗದಪತ್ರ ಹೊರಗೆಸೆದು ಸುಟ್ಟರು. ಮುಂದಿನ ಅಕ್ಟೋಬರ್‌ನಲ್ಲಿ ಊರ ತುಂಬಾ ಹಸಿರು ಶಾಲು. ಎಲ್ಲರ ಬಾಯಲ್ಲೂ ಡಂಕೆಲ್. ಆರ್ಥರ್ ಡಂಕೆಲ್ ಗ್ಯಾಟ್‌ನ ಮುಖ್ಯಸ್ಥ, ಜಿನೀವಾದಲ್ಲಿ ಕೂತಿದ್ದವರು. ಗ್ಯಾಟ್ ಅಂದರೆ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ನಿಯಮ ಹಾಕುತ್ತಿದ್ದ ಒಪ್ಪಂದ. 1991ರ ಕೊನೆಗೆ ಅವರು ಮುಂದಿಟ್ಟ ಕರಡು ಒಪ್ಪಂದದಲ್ಲಿ ಬಿತ್ತನೆ ಬೀಜದ ಮೇಲಿನ ಹಕ್ಕಿನ ಮಾತೂ ಇತ್ತು. ಮಂಡ್ಯದ ಭತ್ತದ ಗದ್ದೆಗೂ ಜಿನೀವಾಕ್ಕೂ ಏನು ಸಂಬಂಧ ಅನ್ನೋದನ್ನು ನಮ್ಮ ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ. ಬೀದಿಯಲ್ಲಿ, ಈ ಕರಡು ಬೇಡ ಅನ್ನುತ್ತಿದ್ದ ರೈತ ಸಂಘದ ನಾಯಕ ಎಂ.ಡಿ. ನಂಜುಂಡಸ್ವಾಮಿ ಹೇಳುತ್ತಿದ್ದರು. ಅವರೂ ಪಾಠ ಹೇಳಿಯೇ ಬಂದವರು, ಕಾನೂನಿನ ಪ್ರೊಫೆಸರ್.

ಅದೇ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಶರದ್ ಜೋಶಿ ಡಂಕೆಲ್ ಕರಡು ಬೇಕು ಅನ್ನುತ್ತಿದ್ದರು. ಅವರೂ ರೈತ ನಾಯಕರೇ. ಸರ್ಕಾರ ಬೆಲೆಗೆ ಹಾಕಿರುವ ಕಟ್ಟು ಬಿಚ್ಚಿದರೆ ರೈತನಿಗೇ ಲಾಭ ಅನ್ನೋದು ಅವರ ವಾದ. ಇಬ್ಬರು ರೈತ ನಾಯಕರು, ಒಂದೇ ಕಾಗದ, ಎರಡು ಉತ್ತರ. ‘ಭಾರತದ ನಿಲುವು’ ಅಂತ ಪರೀಕ್ಷೆಯಲ್ಲಿ ಏನು ಬರೆಯಬೇಕು? ನನ್ನ ಸಂಶೋಧನೆ ಶುರುವಾದದ್ದು ಇಲ್ಲಿಂದ.

ಆದರೆ ನೆಲೆ ಸಿಗಲಿಲ್ಲ. ಒಂದು ಸಂದರ್ಶನದಲ್ಲಿ ರಾಜ್ಯಶಾಸ್ತ್ರದವರು ‘ಇದು ಅರ್ಥಶಾಸ್ತ್ರ ಅಲ್ವಾ’ ಅಂದರು. ಅರ್ಥಶಾಸ್ತ್ರದವರ ಹತ್ತಿರ ಹೋದರೆ ‘ಲೆಕ್ಕ ಎಲ್ಲಮ್ಮಾ’ ಅಂತ ಕೇಳಿದರು. ಆಮೇಲೆ ಗೊತ್ತಾಯಿತು, ಬ್ರಿಟನ್ನಿನ ವಿದ್ವಾಂಸೆ ಸೂಸನ್ ಸ್ಟ್ರೇಂಜ್ 1970ರಲ್ಲೇ ಇದೇ ಜಗಳ ತೆಗೆದಿದ್ದರು: ಅಂತರರಾಷ್ಟ್ರೀಯ ಸಂಬಂಧದವರು, ಅರ್ಥಶಾಸ್ತ್ರದವರು ಒಬ್ಬರ ಕಡೆ ಒಬ್ಬರು ತಿರುಗಿಯೂ ನೋಡುವುದಿಲ್ಲ ಅಂತ. ಆಕೆ ಪತ್ರಕರ್ತೆಯಾಗಿದ್ದವರು, ಪಿಎಚ್.ಡಿ. ಮಾಡಿರಲಿಲ್ಲ, ಆರು ಮಕ್ಕಳ ತಾಯಿ. ಇದೇ ದಾರಿಯ ಇನ್ನೊಬ್ಬ ವಿದ್ವಾಂಸ, ಕೆನಡಾದ ರಾಬರ್ಟ್ ಕಾಕ್ಸ್ ಕೂಡ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿ 25 ವರ್ಷ ಕೆಲಸ ಮಾಡಿ ಆಮೇಲೆ ಪಾಠಕ್ಕೆ ಬಂದವರು. ಇಬ್ಬರೂ ಹೊರಗಿನ ಕೆಲಸ ನೋಡಿ ಒಳಗೆ ಬಂದವರು ಅನ್ನೋದು ಸುಮ್ನೆ ಅಲ್ಲ ಅಂತ ನನಗನ್ನಿಸುತ್ತದೆ.

ನನ್ನ ಹೊರಗಿನ ಕೆಲಸ ಅಂದರೆ ರೇಷ್ಮೆ. ನಮ್ಮದು ಕನಕಪುರದ ಕಡೆಯ ಹಳ್ಳಿ. ಹುಳು ನಾಲ್ಕನೇ ಜ್ವರ (ಪೊರೆ ಕಳಚುವುದಕ್ಕೆ ಹಾಗನ್ನುತ್ತೇವೆ) ಎದ್ದ ಮೇಲೆ ಮನೆಯಲ್ಲಿ ಯಾರಿಗೂ ನಿದ್ದೆ ಇರುತ್ತಿರಲಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಂಕಿಗೆ, ಅಂದರೆ ಬಿದಿರಿನ ತಟ್ಟೆಗೆ ಬಿಡಬೇಕು. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹೊತ್ತುಕೊಂಡು ಹೋದರೆ ಅಲ್ಲಿನ ಬೆಲೆ ನಮ್ಮ ಕೈಯಲ್ಲಿಲ್ಲ. ‘ಚೀನಾ ದಾರ ಬಂದಿದೆಯಂತೆ’ ಅಂತ ಅಪ್ಪ ಹೇಳುತ್ತಿದ್ದರು, ಮಳೆ ಬರುತ್ತದಂತೆ ಅನ್ನೋ ಹಾಗೆ.

ಅದು ಮಳೆ ಅಲ್ಲ, ಯಾರೋ ಕೂತು ಮಾಡುವ ತೀರ್ಮಾನ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಇಲ್ಲಿ ಗೂಡಿನ ಬೆಲೆ ಬಿತ್ತು, ಬೆಳೆಗಾರರು ಬೀದಿಗೆ ಬಂದರು. 2013ರ ಬಜೆಟ್‌ನಲ್ಲಿ ಮತ್ತೆ ಶೇ 15ಕ್ಕೆ ಏರಿಸಿದರು. ಪತ್ರಿಕೆಗಳಲ್ಲಿ ಇದು ಭಾರತ–ಚೀನಾ ಕಥೆಯಾಗಿ ಬಂತು. ಆದರೆ ಅಗ್ಗದ ಚೀನಾ ದಾರ ಬೇಕು ಅಂದವರು ಯಾರು? ವಾರಾಣಸಿಯ ನೇಕಾರರು. ಅವರೇನು ಶ್ರೀಮಂತರಲ್ಲ, ಮಗ್ಗದ ಕೂಲಿಯಲ್ಲಿ ಬದುಕುವವರು. ಸುಂಕ ಏರಿದರೆ ಅವರ ಹೊಟ್ಟೆಗೆ, ಇಳಿದರೆ ನಮ್ಮ ಹೊಟ್ಟೆಗೆ. ನಡುವೆ ವ್ಯಾಪಾರಿ ಎರಡೂ ಕಾಲದಲ್ಲಿ ಲಾಭ ನೋಡುತ್ತಾನೆ. ‘ದೇಶದ ಹಿತ’ ಅಂತ ಯಾರಾದರೂ ಹೇಳಿದ ಕೂಡಲೇ ಯಾವ ಜಿಲ್ಲೆಯ, ಯಾವ ಕಸುಬಿನ ಹಿತ ಅಂತ ನಾನು ಕೇಳುವುದು ಇದಕ್ಕೇ. ರ್‍ಯಾಡಿಕಲ್ ರಾಜಕೀಯ ಅರ್ಥಶಾಸ್ತ್ರ (ನಾನು ಮಾಡುವುದು ಇದನ್ನೇ) ಅಂದರೆ ಕೆಂಪು ಬಾವುಟ, ಘೋಷಣೆ ಅಂದುಕೊಂಡವರು ತುಂಬಾ ಜನ. ನನ್ನ ಮಟ್ಟಿಗೆ ಅದು ಈ ಪ್ರಶ್ನೆಯನ್ನು ಬಿಡದೆ ಕೇಳುವ ಅಭ್ಯಾಸ, ಅಷ್ಟೆ. ಬಾವುಟ ಹಿಡಿದವರೂ ಎಷ್ಟೋ ಸಲ ಕೇಳಲಿಲ್ಲ ಅನ್ನೋದು ಬೇರೆ ಮಾತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗ ಎದ್ದು ನಿಂತ. ‘ಮೇಡಂ, ಕೇಂದ್ರದ ದೇಶಗಳು, ಅಂಚಿನ ದೇಶಗಳು ಅಂತ ಪಾಠ ಮಾಡಿದ್ರಿ. ಬೆಂಗಳೂರು ಯಾವುದು?’

ಒಳ್ಳೆಯ ಪ್ರಶ್ನೆ. ಕೇಂದ್ರ ಅಂದರೆ ಲಾಭ ಸೇರುವ ಶ್ರೀಮಂತ ದೇಶಗಳು, ಅಂಚು ಅಂದರೆ ಅವಕ್ಕೆ ಕಚ್ಚಾ ಮಾಲು ಕೊಡುವ ಬಡ ದೇಶಗಳು. ಈ ವಾದದ ಬೇರು ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರಾವುಲ್ ಪ್ರೆಬಿಶ್‌ದು. ಕಚ್ಚಾ ಮಾಲು ಮಾರುವ ದೇಶಕ್ಕೆ ಯಂತ್ರ ಮಾರುವ ದೇಶದೆದುರು ವ್ಯಾಪಾರದಲ್ಲಿ ಬರಬರುತ್ತಾ ನಷ್ಟ ಅಂತ ಅವರು 1949ರಲ್ಲಿ ತೋರಿಸಿದರು. ಅರ್ಥಶಾಸ್ತ್ರಜ್ಞ ಆಂಡ್ರೆ ಗುಂಡರ್ ಫ್ರಾಂಕ್ ಅದನ್ನು ಇನ್ನೂ ಖಾರ ಮಾಡಿದರು: ಕೇಂದ್ರದವರ ಏಳಿಗೆಯೇ ನಮ್ಮ ಹಿಂದುಳಿಯುವಿಕೆಗೆ ಕಾರಣ ಅಂತ. ಶಿಕಾಗೋದಲ್ಲಿ, ಮುಕ್ತ ಮಾರುಕಟ್ಟೆಯ ದೊಡ್ಡ ಪ್ರತಿಪಾದಕ ಮಿಲ್ಟನ್ ಫ್ರೀಡ್‌ಮನ್ ಹತ್ತಿರ ಪಿಎಚ್.ಡಿ. ಮಾಡಿ ಪೂರ್ತಿ ಎದುರು ದಿಕ್ಕಿಗೆ ನಡೆದ ಮನುಷ್ಯ. ಚಿಲಿಯಲ್ಲಿ ನೆಲೆಸಿದ್ದರು, 1973ರಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿದಾಗ ಓಡಬೇಕಾಯಿತು. ಕೊನೆಗಾಲದಲ್ಲಿ ತನ್ನ ಹಳೆಯ ವಾದವನ್ನೇ ಬದಿಗಿಟ್ಟು, 1800ರವರೆಗೂ ಜಗತ್ತಿನ ವ್ಯಾಪಾರದ ಕೇಂದ್ರ ಏಷ್ಯಾವೇ ಅಂತ ಬರೆದರು. ನನಗೆ ಅವರ ತೀರ್ಮಾನಕ್ಕಿಂತ ಆ ಧೈರ್ಯ ಇಷ್ಟ.

ಬೆಂಗಳೂರು ಈ ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ. 1985ರಲ್ಲಿ ಅಮೆರಿಕದ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದು ಉಪಗ್ರಹದ ಮೂಲಕ ಕೆಲಸ ಕಳಿಸತೊಡಗಿತು. ನಾವು ಕಳಿಸಿದ್ದು ಹತ್ತಿಯಲ್ಲ, ಅದಿರಲ್ಲ, ಎಂಜಿನಿಯರುಗಳ ಬುದ್ಧಿ. ಪ್ರೆಬಿಶ್ ಲೆಕ್ಕದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಹಾಗಂತ ಹೆಸರು, ಪೇಟೆಂಟು, ದೊಡ್ಡ ಲಾಭ ಬಹುಪಾಲು ಅಮೆರಿಕದಲ್ಲೇ ಉಳಿದವು. ಸಮಾಜಶಾಸ್ತ್ರಜ್ಞ ಇಮ್ಯಾನ್ಯುಯೆಲ್ ವಾಲರ್‌ಸ್ಟೈನ್ ಇಂಥ ಜಾಗಕ್ಕೆ ಅರೆ-ಅಂಚು ಅಂತ ಒಂದು ಖಾನೆ ಮಾಡಿದ್ದರು. ಆದರೆ ಅದು ಇಡೀ ದೇಶಕ್ಕೆ ಮಾಡಿದ ಖಾನೆ. ಒಂದು ಊರಿಗೆ, ಅದರ ಪಕ್ಕದ ತಾಲ್ಲೂಕಿಗೆ ಆಗಿಬರುವುದಿಲ್ಲ. ಕ್ಯಾಲಿಫೋರ್ನಿಯಾದಿಂದ ನೋಡಿದರೆ ನಾವು ಅಂಚು, ಕನಕಪುರದಿಂದ ನೋಡಿದರೆ ನಾವೇ ಕೇಂದ್ರ ಅಂದೆ. ಮಕ್ಕಳಿಗೆ ಖುಷಿಯಾಯಿತು. ನನಗೂ ಸ್ವಲ್ಪ ಜಂಬ ಬಂತು ಅನ್ನಿ.

ಆಗ ಮುಂದಿನ ಸಾಲಿನ ಹುಡುಗಿ ಕೇಳಿದಳು: ‘ನಮ್ಮಣ್ಣ ಸಾಫ್ಟ್‌ವೇರ್ ಕಂಪನಿಗೆ ಕ್ಯಾಬ್ ಓಡಿಸ್ತಾನೆ ಮೇಡಂ. ಊರಲ್ಲಿ ಅಪ್ಪ ರೇಷ್ಮೆ ಬಿಟ್ಟ ಮೇಲೆ ಇಲ್ಲಿಗೆ ಬಂದ. ಅವನು ಕೇಂದ್ರದಲ್ಲಿದ್ದಾನಾ, ಅಂಚಲ್ಲಿದ್ದಾನಾ?’

ನಕ್ಷೆ ಹಿಡಿದುಕೊಂಡು ಇದಕ್ಕೆ ಉತ್ತರ ಹೇಳೋಕಾಗಲ್ಲ. ಕಾಕ್ಸ್ ಆದರೆ ದೇಶ ಬಿಟ್ಟು ದುಡಿಮೆಯಿಂದ ಶುರು ಮಾಡು ಅನ್ನುತ್ತಿದ್ದರು: ಯಾರ ಕೆಲಸ, ಯಾವ ಷರತ್ತು, ಡೀಸೆಲ್ ಬೆಲೆ ಏರಿದರೆ ಹೊರೆ ಯಾರ ಮೇಲೆ. ಅಣ್ಣನ ಕಂತು, ಬಾಡಿಗೆ, ಕಂಪನಿ ಕೊಡುವ ದುಡ್ಡು, ಎಲ್ಲ ಬರೆದುಕೊಂಡು ಬಾ, ಅದನ್ನೇ ನಿನ್ನ ಡಿಸರ್ಟೇಶನ್ ಮಾಡೋಣ ಅಂದೆ. ‘ಇದು ಅಂತರರಾಷ್ಟ್ರೀಯ ಸಂಬಂಧಕ್ಕೆ ಬರುತ್ತಾ ಮೇಡಂ? ಒಪ್ಪುತ್ತಾರಾ?’ ಅಂದಳು. ಒಪ್ಪಿಸೋದು ನನ್ನ ಕೆಲಸ. ಸಿನಾಪ್ಸಿಸ್ ಏಪ್ರಿಲ್ ಒಳಗೆ ಕೊಡಬೇಕು. ಅದಕ್ಕೆ ಮುಂಚೆ ಒಂದು ಬೆಳಿಗ್ಗೆ ಅವಳನ್ನೂ ಹಿಂದಿನ ಸಾಲಿನ ಹುಡುಗನನ್ನೂ ರೈಲಲ್ಲಿ ರಾಮನಗರಕ್ಕೆ ಕರೆದುಕೊಂಡು ಹೋಗಬೇಕು, ಗೂಡಿನ ಹರಾಜು ನೋಡಲಿ. ನಿಮ್ಮಪ್ಪ ಬರುತ್ತಾರಾ ಅಂತ ಕೇಳಿ ನೋಡು ಅಂತ ಅವಳಿಗೆ ಹೇಳಿದ್ದೇನೆ.