ಫೈಲ್ ತಡೆಯುವ ಕೈ

ಇವತ್ತು ಸುಮ್ನೆ ಕೂತಿದ್ದಾಗ ಡಾಕ್ಟರಮ್ಮ ಫ್ರಾನ್ಸಿಸ್ ಕೆಲ್ಸಿ ನೆನಪಾದರು. 1960ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಹೊಸದಾಗಿ ಸೇರಿದ್ದರು. ಥಾಲಿಡೊಮೈಡ್ ಎಂಬ ನಿದ್ದೆ ಮಾತ್ರೆಯ ಅರ್ಜಿ ಅವರ ಮೇಜಿಗೆ ಬಂತು. ಯುರೋಪಿನಲ್ಲಿ ಅದು ಆಗಲೇ ಮಾರಾಟದಲ್ಲಿತ್ತು. ಕಂಪನಿಯವರು ಫೋನ್ ಮಾಡಿದರು, ಓಡಾಡಿದರು, ಮೇಲಿನವರಿಗೆ ದೂರಿದರು. ಇವರದು ಒಂದೇ ಮಾತು: ಪುರಾವೆ ಸಾಲದು. ಆಮೇಲೆ ಗೊತ್ತಾಯಿತು, ಗರ್ಭಿಣಿಯರು ಆ ಮಾತ್ರೆ ನುಂಗಿದ್ದರಿಂದ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ್ದರು. 1962ರಲ್ಲಿ ಕಂಪನಿ ಅರ್ಜಿ ವಾಪಸ್ ಪಡೆಯಿತು.

ನನ್ನನ್ನು ಕಾಡುವುದು ಬೇರೆ ವಿಷಯ. ಅವರು ಮಾಡಿದ್ದು ಫೈಲ್ ತಡೆದಿದ್ದು, ಅಷ್ಟೇ. ಲಂಚಕ್ಕೆ ಕಾಯುವ ಅಧಿಕಾರಿ ಮಾಡುವುದೂ ಅದನ್ನೇ! ‘ಇನ್ನೂ ದಾಖಲೆ ಬೇಕು’ ಅನ್ನುವ ಅಧಿಕಾರ ಇಬ್ಬರಿಗೂ ಒಂದೇ ಕಾನೂನು ಕೊಟ್ಟಿದ್ದು. ಹಾಗಾದರೆ ಗುರುತಿಸುವುದು ಹೇಗೆ? ಏನು ಸಾಲದು, ಯಾಕೆ ಸಾಲದು ಅಂತ ಕೆಲ್ಸಿ ಬರೆದು ಕಳಿಸುತ್ತಿದ್ದರು. ಇನ್ನೊಬ್ಬರು ಏನನ್ನೂ ಬರೆಯುವುದಿಲ್ಲ. ‘ಒಮ್ಮೆ ಬಂದು ಕಾಣಿ’ ಅಂತಾರೆ. ಅದರ ಅರ್ಥ ಗೊತ್ತಲ್ವಾ?

ಅಂದಹಾಗೆ, ಕೆಲ್ಸಿ 90ನೇ ವಯಸ್ಸಿನವರೆಗೂ ಅದೇ ಸಂಸ್ಥೆಯಲ್ಲಿ ದುಡಿದರು.